ಬಿಚ್ಚಿ ನೋಡಲು ಒಂದು ಮೇಜು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನದ ಪುಟವನ್ನು ನಾನು ಒಂದು ವಾರವೂ ತಪ್ಪಿಸಿದವಳಲ್ಲ. ಹೊಸ ಫೋನಿಗೆ ಎಷ್ಟು ಕ್ಯಾಮೆರಾ, ಹೊಸ ವಾಚು ಏನೇನು ಅಳೆಯುತ್ತದೆ, ಯಾವ ಟೀವಿ ಎಷ್ಟಕ್ಕೆ ಸಿಗುತ್ತದೆ ಅಂತ ಚೆನ್ನಾಗಿ ಬರೆಯುತ್ತೀರಿ. ಆದರೆ ನಮ್ಮ ಮನೆಗಳಲ್ಲಿ ಆಗಲೇ ಇರುವ ಫೋನು, ಮಿಕ್ಸಿ, ಫ್ಯಾನು, ಲ್ಯಾಪ್‌ಟಾಪುಗಳ ಬಗ್ಗೆ ಆ ಪುಟದಲ್ಲಿ ಒಂದು ಸಾಲೂ ಕಾಣುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಹನುಮಂತನಗರದವಳು. ವಯಸ್ಸು 49. ಓದಿದ್ದು ಬಿ.ಕಾಂ. ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಂಜಿನಿಯರ್ ಅಲ್ಲ. ಆದರೆ ನಮ್ಮ ಅಡುಗೆಮನೆ ಪಕ್ಕದ ಕಪಾಟಿನಲ್ಲಿ ಉಪ್ಪಿನಕಾಯಿ ಜಾಡಿಗಳ ಕೆಳಗಿನ ಎರಡು ಸಾಲು ನನ್ನವು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ಕರೆಂಟು ಅಳೆಯುವ ಮಲ್ಟಿಮೀಟರ್, ಹಳೇ ಬೋರ್ಡುಗಳಿಂದ ಕಿತ್ತ ಬಿಡಿಭಾಗಗಳು, ಹಾರ್ಲಿಕ್ಸ್ ಬಾಟಲಿ ತುಂಬಾ ಸ್ಕ್ರೂಗಳು. ಮಗಳು ನನ್ನನ್ನು ಗೀಕ್ ಅನ್ನುತ್ತಾಳೆ. ನಮ್ಮಮ್ಮ ಇದ್ದಾಗ 'ಇವಳಿಗೆ ಇದೊಂದು ಗೀಳು' ಅನ್ನುತ್ತಿದ್ದರು. ನನಗೆ ಅಮ್ಮನ ಮಾತೇ ಸರಿ ಅನಿಸುತ್ತದೆ. ಗೀಕ್ ಅಂದರೆ ಈಗ ಜನಕ್ಕೆ ನೆನಪಾಗುವುದು ಬಿಡುಗಡೆಯ ದಿನವೇ ಹೊಸ ಫೋನು ಕೊಳ್ಳುವವರು. ಗೀಳು ಬೇರೆ. ಒಂದು ವಸ್ತು ಕೈಗೆ ಸಿಕ್ಕರೆ ಒಳಗೆ ಏನಿದೆ ಅಂತ ನೋಡುವವರೆಗೆ ಸಮಾಧಾನ ಆಗುವುದಿಲ್ಲ, ಅದು ಗೀಳು.

ಇದು ನನಗೆ ಅಪ್ಪನಿಂದ ಬಂದದ್ದು. ಅವರು ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿದ್ದರು. 1948ರಲ್ಲಿ ಶುರುವಾದ ಕಾರ್ಖಾನೆ ಅದು. ದೇಶದ ಎಷ್ಟೋ ಮನೆಗಳಲ್ಲಿ ಟ್ರಿಣ್ ಟ್ರಿಣ್ ಅಂದ ಕಪ್ಪು ಫೋನುಗಳು ಅಲ್ಲಿಂದ ಹೋದವು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಹಳೇ ಫೋನನ್ನು ನನ್ನ ಮುಂದೆ ಬಿಚ್ಚಿದರು. ಒಳಗೆ ಎರಡು ಗಂಟೆಬಟ್ಟಲು, ನಡುವೆ ಒಂದು ಪುಟ್ಟ ಸುತ್ತಿಗೆ. ಡಯಲ್ ತಿರುಗಿಸಿ ಬಿಟ್ಟರೆ ಅದು ವಾಪಸ್ ಬರುವಾಗ ಕಟಕಟ ಅನ್ನುತ್ತದಲ್ಲ, ಅದೇ ನಂಬರು ಅಂದರು. 5ಕ್ಕೆ ಐದು ಸಲ ಲೈನ್ ಕಡಿದು ಸೇರುತ್ತದೆ, ಸೊನ್ನೆಗೆ ಹತ್ತು ಸಲ. ಆಮೇಲೆ ಮನೆಯ ಫೋನಿನ ಹತ್ತಿರ ಕರೆದುಕೊಂಡು ಹೋದರು. ಡಯಲ್ ಮುಟ್ಟದೆ, ರಿಸೀವರ್ ಇಡುವ ಗುಂಡಿಯನ್ನೇ ಬೆರಳಲ್ಲಿ ಪಟಪಟ ಒತ್ತಿ ಚಿಕ್ಕಪ್ಪನ ಮನೆಗೆ ಫೋನ್ ಮಾಡಿದರು. ಆ ಕಡೆ ಚಿಕ್ಕಮ್ಮ 'ಹಲೋ' ಅಂದದ್ದು ಕೇಳಿ ನನಗೆ ರೋಮಾಂಚನ ಆಯಿತು. ಅವತ್ತಿನಿಂದ ನನಗೆ ಯಾವ ಯಂತ್ರವೂ ಮುಚ್ಚಿದ ಪೆಟ್ಟಿಗೆ ಅಂತ ಅನಿಸಿಲ್ಲ.

ಹೋದ ವರ್ಷದ ಒಂದು ಘಟನೆ ಹೇಳುತ್ತೇನೆ. ಮಗಳ ಲ್ಯಾಪ್‌ಟಾಪು ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಸತ್ತುಹೋಯಿತು. ದೀಪವಿಲ್ಲ, ಸದ್ದಿಲ್ಲ. ತಳ ಬಿಚ್ಚಿ ಮೀಟರ್ ಇಟ್ಟು ನೋಡಿದೆ. ಎಲ್ಲೋ ಶಾರ್ಟ್ ಆಗಿದೆ, ಅಂದರೆ ಕರೆಂಟು ಅಡ್ಡದಾರಿ ಹಿಡಿದಿದೆ ಅಂತ ಗೊತ್ತಾಯಿತು. ಅದಕ್ಕಿಂತ ಮುಂದೆ ಹೋಗುವ ಸಾಮಾನು ನನ್ನ ಹತ್ತಿರ ಇರಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಎರಡು ದಿನ ಬಿಟ್ಟು ಫೋನ್ ಬಂತು. ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡು) ಬದಲಿಸಬೇಕು, 26 ಸಾವಿರ ಆಗುತ್ತದೆ, ಇದಕ್ಕಿಂತ ಹೊಸದೇ ತಗೊಳ್ಳಿ ಮೇಡಂ ಅಂದರು. ಬೋರ್ಡಿನಲ್ಲಿ ಏನು ಹೋಗಿದೆ ಅಂತ ಕೇಳಿದೆ. ಅದು ಗೊತ್ತಾಗುವುದಿಲ್ಲ, ನಾವು ಬೋರ್ಡನ್ನೇ ಬದಲಿಸುವುದು ಅಂದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದೇ ಅಷ್ಟು, ಬಿಟ್ಟಿದ್ದೂ ಅಷ್ಟೇ.

ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಟೌನ್‌ಹಾಲ್ ಹತ್ತಿರ ಬಸ್ ಇಳಿದು ನಡೆದರೆ ಐದು-ಹತ್ತು ನಿಮಿಷ. ಕಿರಿದಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಒಂದು ಅಂಗಡಿ. ನಮ್ಮ ದೇವರ ಕೋಣೆಯಷ್ಟು ಜಾಗ. ರಾಯಚೂರು ಕಡೆಯ ಹುಡುಗ, ಮೂವತ್ತು ವರ್ಷ ಇರಬಹುದು. ನಾನು ಏನೂ ಹೇಳುವ ಮೊದಲೇ 'ಕುಂದರ್ರಿ ಅಕ್ಕಾ, ನೋಡೂಣು' ಅಂದ. ಮೀಟರ್ ಇಟ್ಟ. ಬೀಪ್ ಅಂತು. 19 ವೋಲ್ಟಿನ ಲೈನು ನೇರ ಗ್ರೌಂಡಿಗೆ, ಅಂದರೆ ಕರೆಂಟು ವಾಪಸ್ ಹೋಗುವ ದಾರಿಗೆ, ತಾಗಿದೆ ಅಂದ. ಆ ಲೈನಿನ ಮೇಲೆ ಹತ್ತಾರು ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಇರುತ್ತವೆ. ಅವುಗಳಲ್ಲಿ ಯಾವುದು ಹೋಗಿದೆ ಅಂತ ಹೇಗೆ ಹುಡುಕುವುದು? ಬೋರ್ಡಿನ ಮೇಲೆ ಬ್ರಷ್ಷಿನಲ್ಲಿ ತೆಳ್ಳಗೆ ಆಲ್ಕೊಹಾಲ್ ಸವರಿದ. ಬೇರೊಂದು ಪವರ್ ಸಪ್ಲೈಯಿಂದ ಆ ಲೈನಿಗೆ ಬರೀ ಒಂದು ವೋಲ್ಟ್ ಕೊಟ್ಟ. ಇಬ್ಬರೂ ಬಗ್ಗಿ ನೋಡುತ್ತಾ ಕೂತೆವು. ಇಡೀ ಬೋರ್ಡು ಒದ್ದೆಯಾಗಿ ಮಿನುಗುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ, ಸಾಸಿವೆ ಕಾಳಿನಷ್ಟು ಜಾಗ, ಕಣ್ಣೆದುರೇ ಒಣಗಿತು. ಕರೆಂಟೆಲ್ಲ ಅಲ್ಲಿಂದ ಹರಿದು ಆ ಒಂದು ಕೆಪಾಸಿಟರ್ ಬಿಸಿಯಾಗಿತ್ತು. ಬಿಸಿಗಾಳಿ ಊದಿ ಅದನ್ನು ತೆಗೆದ. ಮೀಟರ್ ಇಟ್ಟ, ಬೀಪ್ ಇಲ್ಲ. ಸ್ಕ್ರ್ಯಾಪ್ ಬೋರ್ಡಿನಿಂದ ಅಂಥದ್ದೇ ಒಂದು ಹುಡುಕಿ ಕೂರಿಸಿದ. ಚಾರ್ಜರ್ ಹಾಕಿದರೆ ದೀಪ ಹತ್ತಿತು. ನಲವತ್ತು ನಿಮಿಷ, 1,500 ರೂಪಾಯಿ. ಮಗಳು ಇವತ್ತಿಗೂ ಅದೇ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಾಳೆ.

ಆ ಒದ್ದೆ ಬೋರ್ಡು ಒಂದು ಕಡೆ ಒಣಗಿದ್ದನ್ನು ನೋಡಿದ ಖುಷಿಯನ್ನು ನಾನು ಹೇಗೆ ಹೇಳಲಿ? ಇದು ಯಾವ ಹೊಸ ಫೋನಿನ ಡಬ್ಬಿ ಬಿಚ್ಚಿದರೂ ಸಿಗುವ ಖುಷಿಯಲ್ಲ. ನಮ್ಮ ಬೆಂಗಳೂರನ್ನು ಐಟಿ ರಾಜಧಾನಿ ಅನ್ನುತ್ತಾರೆ. ಆ ಮಾತು ಬಂದಾಗ ನನಗೆ ಗಾಜಿನ ಕಟ್ಟಡಗಳಿಗಿಂತ ಮೊದಲು ಈ ಮೆಟ್ಟಿಲು, ಈ ಹುಡುಗ ನೆನಪಾಗುತ್ತಾರೆ.

ಎಸ್.ಪಿ. ರೋಡಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇಪ್ಪತ್ತು ವರ್ಷದ ಹಿಂದೆ ನಾನು ಅಲ್ಲಿ ಕೆಪಾಸಿಟರ್ ಕೇಳಿದರೆ 'ಯಾರು ಬರೆದುಕೊಟ್ಟದ್ದು ಮೇಡಂ, ಸರ್‌ಗೆ ಫೋನ್ ಮಾಡಿ ಕೊಡಿ' ಅನ್ನುತ್ತಿದ್ದರು. ಅದು ನೋವಾಗುತ್ತಿತ್ತು. ಈಗ ಹಾಗೆ ಕೇಳುವವರು ಕಡಿಮೆ. ಆದರೂ ಕೌಂಟರಿನ ಈಚೆ ನಿಂತ ಹೆಂಗಸರನ್ನು ನಾನು ಇನ್ನೂ ಬೆರಳಲ್ಲಿ ಎಣಿಸಬಹುದು. ನಿಜ ಹೇಳಬೇಕೆಂದರೆ ಮನೆಯಲ್ಲಿ ಯಂತ್ರಗಳ ಜೊತೆ ದಿನವಿಡೀ ಕೆಲಸ ಮಾಡುವವರು ಹೆಂಗಸರೇ. ಮಿಕ್ಸಿಯ ಸದ್ದು ಬದಲಾದದ್ದು, ವಾಷಿಂಗ್ ಮೆಷಿನ್ ನಡುಗಿದ್ದು, ಗ್ರೈಂಡರಿನ ಬೆಲ್ಟ್ ಸಡಿಲವಾದದ್ದು ಮೊದಲು ಗೊತ್ತಾಗುವುದು ಅವರಿಗೆ. ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ಮಾತ್ರ ಅವರ ಕೈಗೆ ಯಾರೂ ಕೊಟ್ಟಿಲ್ಲ.

ಮಿಕ್ಸಿಯ ಮಾತು ಬಂತಲ್ಲ. ಪಕ್ಕದ ಬೀದಿಯ ಒಬ್ಬ ಅಜ್ಜಿ ಚಟ್ನಿ ರುಬ್ಬುವಾಗ ಮಿಕ್ಸಿ ನಿಂತಿತು ಅಂತ ಅದನ್ನು ಹಳೇ ಸಾಮಾನಿನವನಿಗೆ ಹಾಕಲು ಗೇಟಿನ ಹತ್ತಿರ ಇಟ್ಟಿದ್ದರು. ಮಿಕ್ಸಿ ತಿರುಗಿಸಿ ತಳದ ಕೆಂಪು ಗುಂಡಿ ಒತ್ತಿದೆ. ಓಡಿತು. ಹೊರೆ ಜಾಸ್ತಿಯಾದಾಗ ಮೋಟರ್ ಸುಡದಿರಲಿ ಅಂತ ಆ ಗುಂಡಿ ತಾನಾಗಿ ಕರೆಂಟು ಕಡಿಯುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಆಯಿತು. ಅಜ್ಜಿಗೆ ಇದು ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಅಂದರೆ, ಡಬ್ಬಿಯ ಜೊತೆ ಬಂದ ಪುಸ್ತಕವನ್ನು ಅವರು ಜೋಪಾನವಾಗಿ ಇಟ್ಟಿದ್ದರು, ಅದರಲ್ಲಿ ಒಂದು ಅಕ್ಷರ ಕನ್ನಡ ಇರಲಿಲ್ಲ. ಕೆಂಪು ಗುಂಡಿಯ ವಿಷಯ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇತ್ತು.

ಫ್ಯಾನಿನದೂ ಇದೇ ಕಥೆ. ಐದರಲ್ಲಿ ಇಟ್ಟರೂ ನಿಧಾನ ತಿರುಗುತ್ತದೆ ಅಂತ ಎಷ್ಟೋ ಜನ ಫ್ಯಾನನ್ನೇ ಬದಲಿಸುತ್ತಾರೆ. ಹೆಚ್ಚಿನ ಸಲ ಹೋಗಿರುವುದು ಮೇಲಿನ ಬಟ್ಟಲಲ್ಲಿ ಕೂತ ಕೆಪಾಸಿಟರ್. ಅದರ ಮೇಲೆ 2.5 ಅಂತಲೋ 3.15 ಅಂತಲೋ ಮೈಕ್ರೊಫ್ಯಾರಡ್ ಬರೆದಿರುತ್ತದೆ. ಅದೇ ನಂಬರಿನದು ತಂದು, ಮೇನ್ ಸ್ವಿಚ್ ಆರಿಸಿ ಹಾಕಿದರೆ ಫ್ಯಾನ್ ಮತ್ತೆ ಗಾಳಿ ಕೊಡುತ್ತದೆ. ನಾನು ಕಳೆದ ಬೇಸಿಗೆಯಲ್ಲಿ ಒಂದಕ್ಕೆ 50 ರೂಪಾಯಿ ಕೊಟ್ಟೆ.

ಎಲ್ಲವನ್ನೂ ಎಲ್ಲರೂ ಬಿಚ್ಚಬೇಕು ಅಂತ ನಾನು ಹೇಳುತ್ತಿಲ್ಲ. ಮೈಕ್ರೊವೇವ್ ಒಲೆಯ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟು ಹಿಡಿದಿಟ್ಟುಕೊಂಡಿರಬಹುದು. ಉಬ್ಬಿದ ಫೋನ್ ಬ್ಯಾಟರಿಗೆ ಚೂಪಾದದ್ದು ತಾಗಿದರೆ ಬೆಂಕಿ ಹತ್ತಬಹುದು. ಅವನ್ನು ನಾನೂ ಮುಟ್ಟುವುದಿಲ್ಲ. ಯಾವುದನ್ನು ಮುಟ್ಟಬಾರದು ಅಂತ ತಿಳಿಯುವುದಕ್ಕೂ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು ಅಲ್ವಾ?

ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಇದ್ದಾರೆ. ಅವರ ಲ್ಯಾಪ್‌ಟಾಪು 2016ರದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಅವರ ಪ್ರೊಸೆಸರ್ ಹಳೆಯದಾಯಿತು. ಯಂತ್ರ ಸರಿಯಾಗೇ ಇದೆ, ಕೀಲಿಮಣೆಯ ಒಂದು ಅಕ್ಷರ ಕೂಡ ಮಾಸಿಲ್ಲ. ಆದರೂ ಹೊಸದು ಕೊಳ್ಳಬೇಕು ಅಂತ ಅಂಗಡಿಯವರು ಹೇಳಿದ್ದರು. ಮೇಷ್ಟ್ರು ಪಿಂಚಣಿಯ ಲೆಕ್ಕ ಹಾಕುತ್ತಾ ಕೂತಿದ್ದರು. ನಾನು ಒಂದು ಭಾನುವಾರ ಹೋಗಿ ಹಳೇ ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ (ಅದಕ್ಕಿಂತ ವೇಗದ ಡಿಸ್ಕು) ಹಾಕಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ತಂತ್ರಾಂಶ ಹಾಕಿಕೊಟ್ಟೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೇಷ್ಟ್ರ ಮೊದಲ ಪ್ರಶ್ನೆ: 'ಇದರಲ್ಲಿ ನುಡಿ ತಂತ್ರಾಂಶದ ಥರ ಕನ್ನಡ ಟೈಪ್ ಮಾಡಬಹುದೇನಮ್ಮ?' ಕೀಲಿಮಣೆಗಳ ಪಟ್ಟಿ ತೆಗೆದು ತೋರಿಸಿದೆ. ಅಲ್ಲಿ 'ಕಗಪ' ಅಂತ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನದೇ ಅದು. ಮೇಷ್ಟ್ರು ಬೆರಳು ನೋಡದೆ ಒಂದು ವಚನ ಟೈಪ್ ಮಾಡಿ ನನ್ನ ಕಡೆ ತಿರುಗಿದರು. ಅವರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಆದರೆ ಹಳೇ ಕಡತಗಳು ತೊಂದರೆ ಕೊಟ್ಟವು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೇ ಫಾಂಟಿನಲ್ಲಿ ಬರೆದ ಟಿಪ್ಪಣಿಗಳು, ಮುನ್ನೂರು ಪುಟಕ್ಕೂ ಜಾಸ್ತಿ. ತೆರೆದರೆ ಬರೀ ಚಿಹ್ನೆಗಳು. ಕನ್ನಡದವರೇ ಬರೆದು ಉಚಿತವಾಗಿ ಕೊಟ್ಟ ಪರಿವರ್ತಕ ತಂತ್ರಾಂಶ ಬಳಸಿ ಒಂದೊಂದಾಗಿ ಬದಲಿಸಿದೆವು. ಅರ್ಕಾವತ್ತು ನಮ್ಮನ್ನು ಬಹಳ ಕಾಡಿತು. 'ಸೂರ್ಯ' ಬರೆಯುವಾಗ ಹಳೇ ಫಾಂಟಿನಲ್ಲಿ ಅರ್ಕಾವತ್ತು 'ಯ' ಆದ ಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಹಾಗೆ. ಯೂನಿಕೋಡಿನಲ್ಲಿ ರಕಾರ ಮೊದಲು, ಬಾಯಲ್ಲಿ ಹೇಳುವ ಹಾಗೆ. ಕೆಲವು ಕಡೆ ಅದು ತಪ್ಪಿ ಕೂತಿತ್ತು. ಮೂರು ಭಾನುವಾರ ಇಬ್ಬರೂ ಕೂತು ತಿದ್ದಿದೆವು. ಮೇಷ್ಟ್ರು ವ್ಯಾಕರಣ ಹೇಳಿದರು, ನಾನು ಕಂಪ್ಯೂಟರಿನ ಕಡೆಯದು ಹೇಳಿದೆ. ಅವರ ಮೂವತ್ತು ವರ್ಷದ ಕೆಲಸ ಉಳಿಯಿತು.

ನಮ್ಮ ಭಾಷೆ ಕಂಪ್ಯೂಟರಿಗೆ ಬಂದದ್ದೂ ಹೀಗೆ ಬಿಚ್ಚಿ ನೋಡಿದವರಿಂದಲೇ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಹೇಗೆ ಕೂರಬೇಕು ಅಂತ ಯೋಚಿಸಿ ವಿನ್ಯಾಸ ಮಾಡಿದರು. ಶೇಷಾದ್ರಿವಾಸು ಅವರು 1998ರಲ್ಲಿ ಕನ್ನಡ ಟೈಪ್ ಮಾಡುವ ಬರಹ ತಂತ್ರಾಂಶ ಹೊರತಂದರು. ಅದಕ್ಕೂ ಹಿಂದಿನ ಮಾತು ನೋಡಿ. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ನಮ್ಮ ಪೀಣ್ಯದ ಶೀಟು ಹೊದಿಸಿದ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಅದನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಮೇಲೆ ಹೋಯಿತು. ಜಾಗ ಇಲ್ಲದೆ ಒಂದು ಶೌಚಾಲಯವನ್ನೇ ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರ ಮಾಡಿಕೊಂಡಿದ್ದರಂತೆ. ಈ ಊರಿನಲ್ಲಿ ಈ ಗೀಳು ಹೊಸದಲ್ಲ.

ಈಗ ಆಗುತ್ತಿರುವುದು ಬೇರೆ. ವಸ್ತುಗಳನ್ನು ಅಂಟು ಹಾಕಿ ಮುಚ್ಚುತ್ತಿದ್ದಾರೆ. ಹದಿನೈದು ವರ್ಷದ ಹಿಂದೆ ಫೋನಿನ ಬೆನ್ನನ್ನು ಉಗುರಲ್ಲೇ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ಈಗ ಬಿಸಿ ಮಾಡಿ ಅಂಟು ಬಿಡಿಸಬೇಕು. ನೀರು ಒಳಗೆ ಹೋಗದಿರಲಿ ಅಂತ ಅಂಟು ಅನ್ನುತ್ತಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ಬ್ಯಾಟರಿಯೇ. ಅದನ್ನೇ ಬಿಡಿಸಲು ಆಗದ ಹಾಗೆ ಇಟ್ಟರೆ ಹೇಗೆ? ಯುರೋಪಿನ ಒಕ್ಕೂಟ ಇದಕ್ಕೆ ಕಾನೂನು ಮಾಡಿದೆ. ಇಂಥ ಬ್ಯಾಟರಿಗಳನ್ನು ಬಳಸುವವರೇ ಬದಲಿಸುವಂತಿರಬೇಕು ಅನ್ನುವ ನಿಯಮ 2027ರ ಫೆಬ್ರುವರಿಯಿಂದ ಜಾರಿಗೆ ಬರುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಒಳ್ಳೆಯ ಕೆಲಸ. ಆದರೆ ಮಿಕ್ಸಿಯ ಅಜ್ಜಿಗೆ ಅದನ್ನು ಯಾರು ತೋರಿಸುತ್ತಾರೆ?

ವಿಶ್ವಸಂಸ್ಥೆಯ ಕಡೆಯಿಂದ 2024ರಲ್ಲಿ ಬಂದ ವರದಿಯ ಪ್ರಕಾರ 2022ರಲ್ಲಿ ಇಡೀ ಜಗತ್ತು ಎಸೆದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಗುವ ಹಾಗೆ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಆ ರಾಶಿಯಲ್ಲಿ ಕೆಂಪು ಗುಂಡಿ ಒತ್ತಿದ್ದರೆ ಓಡುತ್ತಿದ್ದ ಮಿಕ್ಸಿಗಳು ಎಷ್ಟಿದ್ದವೋ ಅಂತ ನೆನೆದು ಹೊಟ್ಟೆ ಉರಿಯುತ್ತದೆ.

ಹಾಗಾಗಿ ನನ್ನ ಕೋರಿಕೆ. ನಮ್ಮ ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು ಮೇಜು ಕೊಡಿ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ನೂರು ರೂಪಾಯಿಗೆ ಆರು ರೂಪಾಯಿ. ಗ್ರಂಥಾಲಯ ಅಂದರೆ ತಿಳಿದುಕೊಳ್ಳುವ ಜಾಗ. ಪುಸ್ತಕ ಬಿಚ್ಚಿ ತಿಳಿಯುವ ಹಾಗೆ ರೇಡಿಯೊ ಬಿಚ್ಚಿಯೂ ತಿಳಿಯಬಹುದು. ವಾರಕ್ಕೆ ಒಂದು ದಿನ, ಎರಡು ಗಂಟೆ ಸಾಕು. ಕೆಟ್ಟದ್ದನ್ನು ಜನ ತರಲಿ, ಗೊತ್ತಿರುವವರು ಜೊತೆಗೆ ಕೂತು ಬಿಚ್ಚಲಿ. ನಾವು ರಿಪೇರಿ ಮಾಡಿ ಕೊಟ್ಟು ಕಳಿಸುವುದಲ್ಲ, ತಂದವರ ಕೈಯಲ್ಲೇ ಸ್ಕ್ರೂ ತೆಗೆಸುವುದು. ಇಂಥದ್ದು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಿಪೇರಿ ಕೆಫೆ ಅಂತ ಶುರುವಾಯಿತು. ನಮ್ಮ ಬೆಂಗಳೂರಿನಲ್ಲೂ 2015ರಿಂದ ಅದನ್ನು ನಡೆಸುವ ಉತ್ಸಾಹಿಗಳಿದ್ದಾರೆ. ಆದರೆ ಅದು ಆಗಾಗ, ಅಲ್ಲಲ್ಲಿ ನಡೆಯುತ್ತದೆ. ನಾನು ಕೇಳುತ್ತಿರುವುದು ನಡೆದು ಹೋಗುವಷ್ಟು ಹತ್ತಿರದಲ್ಲಿ, ವಾರ ವಾರ, ಕನ್ನಡದಲ್ಲಿ.

ಇದು ನಡೆಯುವುದಿಲ್ಲ ಅನ್ನುವವರಿಗೆ ನಾನು ಬಸವನಗುಡಿ ನ್ಯಾಷನಲ್ ಕಾಲೇಜನ್ನು ತೋರಿಸುತ್ತೇನೆ. 1962ರಲ್ಲಿ ಎಚ್. ನರಸಿಂಹಯ್ಯನವರು ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬುಧವಾರ ಸಂಜೆಯ ಉಪನ್ಯಾಸಗಳಿಗೆ ನಾನು ಕಾಲೇಜು ಓದುವಾಗ ಹೋಗುತ್ತಿದ್ದೆ. ಬಿ.ಕಾಂ. ಹುಡುಗಿ ಇಲ್ಲಿಗೆ ಯಾಕೆ ಬಂದೆ ಅಂತ ಯಾರೂ ಕೇಳಲಿಲ್ಲ. ಟಿಕೆಟ್ ಇರಲಿಲ್ಲ. ಬಂದು ಕೂತರೆ ಆಯಿತು.

ಮಕ್ಕಳ ವಿಷಯ ಒಂದೇ ಒಂದು ಹೇಳಿ ಬಿಡುತ್ತೇನೆ. ದಸರಾ ರಜೆಯಲ್ಲಿ ನಮ್ಮ ಮನೆ ತಾರಸಿಯ ಮೇಲೆ ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕೆಟ್ಟ ಎಲ್‌ಇಡಿ ಬಲ್ಬುಗಳ ಬುರುಡೆ ತೆಗೆದೆ. ಒಳಗೆ ವೃತ್ತವಾಗಿ ಹಳದಿ ಚುಕ್ಕಿಗಳು. ಹತ್ತರಲ್ಲಿ ಒಂಬತ್ತು ಚೆನ್ನಾಗಿವೆ, ಒಂದರ ಮೇಲೆ ಮಾತ್ರ ಕರಿ ಕಲೆ. ಏಳನೇ ಕ್ಲಾಸಿನ ಹುಡುಗಿ ಕೇಳಿದಳು, 'ಒಂದು ಹೋದ್ರೆ ಎಲ್ಲಾ ಯಾಕೆ ಹೋಗುತ್ತೆ ಆಂಟಿ?' ದೀಪಾವಳಿಯ ಸೀರಿಯಲ್ ಸೆಟ್ ತಂದು ಒಂದು ಬಲ್ಬ್ ಕಿತ್ತು ತೋರಿಸಿದೆ. ಸಾಲಾಗಿ ಕೈ ಹಿಡಿದು ನಿಂತವರಲ್ಲಿ ಒಬ್ಬರು ಕೈ ಬಿಟ್ಟ ಹಾಗೆ ಅಂದೆ. ನಾಲ್ವರೂ ಎದ್ದು ಕೈ ಹಿಡಿದು ನಿಂತು, ಬಿಟ್ಟು, ಮತ್ತೆ ಹಿಡಿದು ನೋಡಿದರು. ಮಾರನೇ ದಿನ ಅದೇ ಹುಡುಗಿ ತನ್ನ ತಾತನ ನಿಂತ ರೇಡಿಯೊ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದಳು. ನಮ್ಮ ಊಟದ ಮೇಜಿನಲ್ಲಿ ಈಗ ಜಾಗ ಸಾಲುತ್ತಿಲ್ಲ.

ಸಂಪಾದಕರೇ, ನಿಮ್ಮ ಪುಟದಲ್ಲಿ ವಾರಕ್ಕೊಂದು ಸಣ್ಣ ಅಂಕಣ ಇದಕ್ಕೆ ಕೊಡಿ. ಕೆಂಪು ಗುಂಡಿ ಎಲ್ಲಿದೆ, ಫ್ಯಾನಿಗೆ ಯಾವ ಕೆಪಾಸಿಟರ್, ಹಳೇ ಕಂಪ್ಯೂಟರಿಗೆ ಏನು ಹಾಕಬಹುದು, ಯಾವುದನ್ನು ಬಿಚ್ಚಲೇಬಾರದು. ಬರೆಯುವವರು ಸಿಗದಿದ್ದರೆ ನಾನು ಬರೆಯುತ್ತೇನೆ. ದುಡ್ಡು ಬೇಡ.

ಗ್ರಂಥಾಲಯ ಇಲಾಖೆಯವರು ಈ ಪತ್ರ ಓದಿದರೆ ಅವರಿಗೂ ಹೇಳುತ್ತೇನೆ. ಹನುಮಂತನಗರದಿಂದಲೇ ಶುರು ಮಾಡಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬರುತ್ತೇನೆ. ಮೇಷ್ಟ್ರು ಟೈಪಿಂಗ್ ಕಲಿಸಲು ಒಪ್ಪಿದ್ದಾರೆ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸ್ಕ್ರೂಡ್ರೈವರ್ ಎಲ್ಲ ನನ್ನವೇ ತರುತ್ತೇನೆ. ನಿಮ್ಮಿಂದ ಬೇಕಾದದ್ದು ಕಿಟಕಿ ಪಕ್ಕ ಒಂದು ಮೇಜು, ಎರಡು ಪ್ಲಗ್ ಪಾಯಿಂಟ್. ಒಂದು ಐರನ್ ಬಿಸಿ ಮಾಡುವುದಕ್ಕೆ, ಇನ್ನೊಂದು ರಿಪೇರಿಯಾದದ್ದನ್ನು ಹಾಕಿ ನೋಡುವುದಕ್ಕೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಹನುಮಂತನಗರ, ಬೆಂಗಳೂರು